ಕಾವಲಿನ ಅಳತೆ

ಒಬ್ಬ ಕಾವಲುಗಾರನ ದೇಹ ಹೇಗಿರಬೇಕೆಂಬುದನ್ನು ನಮ್ಮ ಸರ್ಕಾರ ಅಳೆದು ಹೇಳಿದೆ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯ ಅಡಿಯಲ್ಲಿ 2006ರಲ್ಲಿ ಮೊದಲು ಹೊರಟ ಕೇಂದ್ರ ಮಾದರಿ ನಿಯಮಗಳಲ್ಲಿ ಆ ಅಳತೆಗಳಿವೆ. ಗಂಡಸಾದರೆ 160 ಸೆಂಟಿಮೀಟರ್ ಎತ್ತರ, ಹೆಂಗಸಾದರೆ 150. ಗಂಡಸಿನ ಎದೆಯ ಸುತ್ತಳತೆ 80 ಸೆಂಟಿಮೀಟರ್, ಉಸಿರೆಳೆದಾಗ ಇನ್ನೂ 4 ಹಿಗ್ಗಬೇಕು. ದೂರದ ನೋಟ 6/6 ಇರಬೇಕು, ಅದಕ್ಕೆ ಕನ್ನಡಕ ಬೇಕಾದರೆ ಅಡ್ಡಿಯಿಲ್ಲ. ಬಣ್ಣಗುರುಡು ಮಾತ್ರ ಕೂಡದು. ಮಂಡಿಗಳು ಒಂದಕ್ಕೊಂದು ತಾಗಬಾರದು, ಪಾದ ಚಪ್ಪಟೆಯಾಗಿರಬಾರದು, ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡಬೇಕು. ಆಡಿದ ಮಾತೂ ಯಂತ್ರಗಳ ಎಚ್ಚರಿಕೆಯ ಸದ್ದೂ ಕಿವಿಗೆ ಬೀಳಬೇಕು. ಕೊನೆಯದಾಗಿ, ತಪಾಸಣೆ ಮಾಡಲು, ವಸ್ತುಗಳನ್ನು ಎತ್ತಿಳಿಸಲು, ಅಗತ್ಯಬಿದ್ದರೆ ಒಬ್ಬನನ್ನು ಹಿಡಿದು ನಿಲ್ಲಿಸಲು ಬೇಕಾದ ಕೈಚಳಕವೂ ಬಲವೂ ಇರಬೇಕು. ಇಷ್ಟರ ಮೇಲೆ 100 ಗಂಟೆಗಳ ಪಾಠ, 60 ಗಂಟೆಗಳ ಕ್ಷೇತ್ರ ತರಬೇತಿ. ಇಷ್ಟು ವಿವರವಾದ ದೇಹವರ್ಣನೆಯನ್ನು ನಾನು ಕಾವ್ಯಗಳಲ್ಲಿ ಬಿಟ್ಟರೆ ಸರ್ಕಾರಿ ಗೆಜೆಟಿನಲ್ಲಿಯೇ ಓದಿರುವುದು.

ಈ ನಿಯಮಗಳನ್ನು ಹುಡುಕಿ ಓದುವ ಪ್ರಸಂಗ ಬಂದದ್ದು ಇನ್ನೊಂದು ದೇಹದ ವರ್ಣನೆ ನನ್ನ ಮೇಜಿಗೆ ಬಂದಾಗ. ಹೈದರಾಬಾದಿನಲ್ಲಿರುವ ನಮ್ಮ ಕೇಂದ್ರ ಸರ್ಕಾರಿ ಕಚೇರಿಗೆ ದೊಡ್ಡದೊಂದು ಆವರಣವಿದೆ. ನಾಲ್ಕು ಕಟ್ಟಡ, ಒಂದು ಗೋದಾಮು, ಬೇವು ಹೊಂಗೆಗಳ ಸಾಲು, ಹಿಂಬದಿಯಲ್ಲಿ ನಗರದ ಎಲ್ಲೆಡೆ ಕಾಣುವಂಥ ಉರುಟು ಬಂಡೆಗಳ ಗುಡ್ಡೆ. ರಾತ್ರಿ ಪಾಳಿಗೆ ಗುತ್ತಿಗೆಯ ಮೂವರು ಕಾವಲುಗಾರರಿದ್ದಾರೆ. ಒಂದು ಕಂಪನಿ ತಾನಾಗಿ ತಿರುಗಾಡಿ ಗಸ್ತು ಹೊಡೆಯುವ ರೋಬೋಟನ್ನು ಬಾಡಿಗೆಗೆ ಕೊಡುವ ಪ್ರಸ್ತಾವ ಸಲ್ಲಿಸಿತು. ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಇಬ್ಬರು ತಾಂತ್ರಿಕ ಅಧಿಕಾರಿಗಳಿದ್ದರು, ಇಂಗ್ಲಿಷ್ ಎಂ.ಎ. ಮಾಡಿದವನೆಂಬ ಕಾರಣಕ್ಕೆ ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪ್ರಸ್ತಾವದ ಜೊತೆಗಿದ್ದ ನಮೂನೆಯ ಕೊನೆಯ ಅಂಕಣದ ಶೀರ್ಷಿಕೆ, ‘ಇದರಿಂದ ಕಡಿಮೆ ಮಾಡಬಹುದಾದ ಹುದ್ದೆಗಳ ಸಂಖ್ಯೆ’ ಎಂದಿತ್ತು. ಆ ಅಂಕಣವನ್ನು ತುಂಬಬೇಕಾದರೆ ಮೊದಲು ಎರಡು ದೇಹಗಳನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಬೇಕೆನಿಸಿತು. ಈ ಪ್ರಬಂಧ ಹುಟ್ಟಿದ್ದು ಹಾಗೆ.

ಹೈದರಾಬಾದಿಗೆ ರೋಬೋಟು ಹೊಸ ಅತಿಥಿಯೇನಲ್ಲ. 2017ರ ನವೆಂಬರ್ 28ರಂದು ಇಲ್ಲಿ ಜಾಗತಿಕ ಉದ್ಯಮಶೀಲತಾ ಶೃಂಗಸಭೆ ಆರಂಭವಾದಾಗ ವೇದಿಕೆಯ ಮೇಲೆ ಪ್ರಧಾನಿ ಮೋದಿಯವರನ್ನೂ ಇವಾಂಕಾ ಟ್ರಂಪ್ ಅವರನ್ನೂ ಎದುರುಗೊಂಡದ್ದು ‘ಮಿತ್ರ’ ಎಂಬ ರೋಬೋಟು. ಅದನ್ನು ಕಟ್ಟಿದವರು ನಮ್ಮ ಬೆಂಗಳೂರಿನ ಇನ್‌ವೆಂಟೊ ರೋಬೋಟಿಕ್ಸ್‌ನವರು. ಅದಾದ ಒಂದೇ ತಿಂಗಳಲ್ಲಿ, ಡಿಸೆಂಬರಿನ ಕೊನೆಗೆ, ಹೈದರಾಬಾದಿನದೇ ಆದ ಎಚ್-ಬಾಟ್ಸ್ ರೋಬೋಟಿಕ್ಸ್ ಎಂಬ ನವೋದ್ಯಮ ಪೊಲೀಸ್ ರೋಬೋಟೊಂದರ ಮಾದರಿಯನ್ನು ಟಿ-ಹಬ್‌ನಲ್ಲಿ ಪ್ರದರ್ಶಿಸಿತು. ಕ್ಯಾಮೆರಾ, ಅಲ್ಟ್ರಾಸಾನಿಕ್ ಸಂವೇದಕ, ಉಷ್ಣ ಸಂವೇದಕ ಇವೆಲ್ಲ ಅದರೊಳಗಿದ್ದವು. ಜುಬಿಲಿ ಹಿಲ್ಸ್ ಚೆಕ್‌ಪೋಸ್ಟ್ ಬಳಿ ಅದನ್ನು ನಿಲ್ಲಿಸುವ ಮಾತೂ ಪತ್ರಿಕೆಗಳಲ್ಲಿ ಬಂತು. 2019ರ ಫೆಬ್ರುವರಿಯಲ್ಲಿ ಕೇರಳ ಪೊಲೀಸರು ತಿರುವನಂತಪುರದ ತಮ್ಮ ಕೇಂದ್ರ ಕಚೇರಿಯಲ್ಲಿ ಒಂದು ರೋಬೋಟಿಗೆ ಸಬ್‌ಇನ್ಸ್‌ಪೆಕ್ಟರ್ ದರ್ಜೆಯನ್ನೇ ಕೊಟ್ಟರು. ಇವೆಲ್ಲ ಬಹುಮಟ್ಟಿಗೆ ನಿಂತಲ್ಲಿ ನಿಂತು ಸ್ವಾಗತಿಸುವ, ಮಾಹಿತಿ ಕೊಡುವ ಯಂತ್ರಗಳು. ನಮ್ಮ ಮುಂದೆ ಬಂದದ್ದು ಕತ್ತಲಲ್ಲಿ ಒಂಟಿಯಾಗಿ ತಿರುಗಾಡಬೇಕಾದ ಯಂತ್ರ. ಅದರ ಪ್ರಶ್ನೆಗಳೇ ಬೇರೆ.

‘ರೋಬೋಟ್’ ಎಂಬ ಪದ ಝೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಬಂದದ್ದು. ಪದವನ್ನು ಸೂಚಿಸಿದವನು ಅವನ ಅಣ್ಣ ಜೋಸೆಫ್. ‘ರೊಬೋಟಾ’ ಎಂದರೆ ಆ ಭಾಷೆಯಲ್ಲಿ ಜಮೀನ್ದಾರನಿಗೆ ಮಾಡಿಕೊಡಲೇಬೇಕಾದ ದುಡಿಮೆ. ಕನ್ನಡದಲ್ಲಿ ಬಿಟ್ಟಿ ಚಾಕರಿ, ತೆಲಂಗಾಣದ ಮಾತಿನಲ್ಲಿ ವೆಟ್ಟಿ ಚಾಕಿರಿ. ಈ ನೆಲದಲ್ಲಿ ಆ ಪದಕ್ಕಿರುವ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ. 1946ರಿಂದ 1951ರವರೆಗೆ ನಡೆದ ತೆಲಂಗಾಣದ ರೈತ ಹೋರಾಟಕ್ಕೆ ಕಾರಣವಾದ ಸಂಕಟಗಳಲ್ಲಿ ವೆಟ್ಟಿಯೂ ಒಂದು. ಹೀಗಿರುವಾಗ ಬಿಟ್ಟಿ ಚಾಕರಿಯನ್ನು ಯಂತ್ರಕ್ಕೆ ವಹಿಸಿ ಮನುಷ್ಯನನ್ನು ಬಿಡುಗಡೆ ಮಾಡಿದರೆ ಒಳ್ಳೆಯದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಉತ್ತರಕ್ಕೆ ಯಂತ್ರದ ಹೊಟ್ಟೆಯನ್ನು ಬಿಚ್ಚಿ ನೋಡಬೇಕು.

ಪ್ರದರ್ಶನದ ದಿನ ಕಂಪನಿಯ ಎಂಜಿನಿಯರ್ ಹುಡುಗ ಅದರ ಹಿಂಬದಿಯ ಫಲಕವನ್ನು ನಿಜವಾಗಿಯೂ ಬಿಚ್ಚಿ ತೋರಿಸಿದ. ಎಲ್ಲಕ್ಕಿಂತ ಕೆಳಗೆ ಬ್ಯಾಟರಿ. ಭಾರವಾದ ವಸ್ತು ತಳದಲ್ಲಿದ್ದರೆ ಯಂತ್ರ ಸುಲಭಕ್ಕೆ ಉರುಳುವುದಿಲ್ಲ. ಇಂಥವುಗಳಲ್ಲಿ ಸಾಮಾನ್ಯವಾಗಿ ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳನ್ನು; ಬೇರೆ ಲಿಥಿಯಂ ಕೋಶಗಳಿಗೆ ಹೋಲಿಸಿದರೆ ಇವು ಬಿಸಿಯನ್ನು ಹೆಚ್ಚು ತಾಳಿಕೊಳ್ಳುತ್ತವೆ, ಬೆಂಕಿಯ ಭಯ ಕಡಿಮೆ. ಪ್ರತಿ ಕೋಶದ ಒತ್ತಡವನ್ನೂ ಬಿಸಿಯನ್ನೂ ನೋಡಿಕೊಳ್ಳಲು ಒಂದು ಪ್ರತ್ಯೇಕ ಮಂಡಲಫಲಕ. ಅದರ ಪಕ್ಕದಲ್ಲಿ ಚಕ್ರಗಳ ಮೋಟಾರುಗಳು, ಇವತ್ತಿನ ವಿದ್ಯುತ್ ಸ್ಕೂಟರುಗಳಲ್ಲಿರುವ ಬ್ರಷ್‌ರಹಿತ ಮೋಟಾರುಗಳ ಬಂಧುಗಳೇ. ಸುತ್ತಲೂ ರಬ್ಬರಿನ ಅಂಚು. ಅದಕ್ಕೆ ಏನಾದರೂ ತಾಗಿದರೆ ಒಳಗಿನ ಸ್ವಿಚ್ಚು ಒತ್ತಿ ಯಂತ್ರ ನಿಲ್ಲುತ್ತದೆ. ಬೆನ್ನಿನ ಮೇಲೆ ಅಣಬೆಯಾಕಾರದ ಕೆಂಪು ಗುಂಡಿ, ಯಾರು ಬೇಕಾದರೂ ಹೊಡೆದು ನಿಲ್ಲಿಸಲು.

ಅದರ ಮೇಲಿನ ಅಂತಸ್ತು ಒಂದೇ ಒಂದು ಪ್ರಶ್ನೆಗೆ ಮೀಸಲು: ನಾನು ಎಲ್ಲಿದ್ದೇನೆ? ಮನುಷ್ಯನಿಗೆ ಈ ಪ್ರಶ್ನೆ ತತ್ತ್ವಶಾಸ್ತ್ರದ ಕಾಲಾವಧಿಯಲ್ಲಿ ಏಳುವಂಥದು. ಯಂತ್ರಕ್ಕೆ ಸೆಕೆಂಡಿಗೆ ಹತ್ತಾರು ಬಾರಿ ಏಳುತ್ತದೆ. ಚಕ್ರ ಎಷ್ಟು ಸುತ್ತು ತಿರುಗಿತೆಂದು ಎಣಿಸುವ ಎನ್‌ಕೋಡರು ಮೊದಲ ಉತ್ತರ ಕೊಡುತ್ತದೆ. ಆದರೆ ಒದ್ದೆ ಎಲೆಯ ಮೇಲೆ ಚಕ್ರ ಜಾರಿದರೆ ಎಣಿಕೆ ಸುಳ್ಳಾಗುತ್ತದೆ. ದಿಕ್ಕು ಒಂದೇ ಡಿಗ್ರಿ ತಪ್ಪಿದರೂ ನೂರು ಮೀಟರ್ ಸಾಗುವಷ್ಟರಲ್ಲಿ ದಾರಿ 1.75 ಮೀಟರಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಅಷ್ಟು ಸಾಕು ಚರಂಡಿಗೆ ಬೀಳಲು. ಆದ್ದರಿಂದ ಎರಡನೆಯ ಸಾಕ್ಷಿಯಾಗಿ ಜೈರೋಸ್ಕೋಪು, ವೇಗೋತ್ಕರ್ಷ ಮಾಪಕಗಳಿರುವ ಸಿಲಿಕಾನ್ ಚಿಪ್ಪು. ಉಗುರಿಗಿಂತ ಚಿಕ್ಕದಾದ ಈ ಚಿಪ್ಪಿನ ಹಿರಿಯ ಬಂಧುಗಳು ಇದೇ ಊರಿನಲ್ಲಿವೆ. 1988ರಲ್ಲಿ ಅಬ್ದುಲ್ ಕಲಾಂ ಅವರ ಮುಂದಾಳುತನದಲ್ಲಿ ಆರಂಭವಾದ ರಿಸರ್ಚ್ ಸೆಂಟರ್ ಇಮಾರತ್ ಕ್ಷಿಪಣಿಗಳಿಗೆ ದಾರಿ ತೋರುವ ಜಡತ್ವ ಸಂಚಲನ ವ್ಯವಸ್ಥೆಗಳನ್ನು ರೂಪಿಸಿದ್ದು ಇಲ್ಲಿಯೇ. ಕ್ಷಿಪಣಿ ಕೆಲವೇ ನಿಮಿಷ ಹಾರುತ್ತದೆ. ಗಸ್ತಿನ ಯಂತ್ರ ರಾತ್ರಿಯಿಡೀ ತಿರುಗಬೇಕು, ಅದೂ ಅಗ್ಗದ ಚಿಪ್ಪನ್ನು ನಂಬಿ. ಅಗ್ಗದ ಚಿಪ್ಪಿನ ತಪ್ಪು ನಿಮಿಷ ನಿಮಿಷಕ್ಕೂ ಬೆಳೆಯುತ್ತದೆ.

ಮೂರನೆಯ ಸಾಕ್ಷಿ ಉಪಗ್ರಹಗಳದು. ಕಟ್ಟಡಗಳ ನಡುವೆ, ಮರಗಳ ಕೆಳಗೆ ಅವುಗಳ ಸಂಕೇತ ಗೋಡೆಗಳಿಗೆ ಬಡಿದು ಬಳಸಿ ಬರುವುದರಿಂದ ಸ್ಥಾನ ಹಲವು ಮೀಟರು ಅತ್ತಿತ್ತಾಗಬಹುದು. ಹೀಗೆ ಮೂವರು ಸಾಕ್ಷಿಗಳೂ ತಡವರಿಸುವಾಗ ನಾಲ್ಕನೆಯವನಾಗಿ ಲೈಡಾರ್ ಬರುತ್ತದೆ. ತಲೆಯ ಮೇಲೆ ಗಿರಗಿರನೆ ತಿರುಗುವ, ಕಣ್ಣಿಗೆ ಕಾಣದ ಲೇಸರ್ ಬೆಳಕಿನ ಮಿಡಿತಗಳನ್ನು ಎಸೆದು ಹಿಡಿಯುವ ಯಂತ್ರವದು. ಹದಿನೈದು ಮೀಟರ್ ದೂರದ ಗೋಡೆಗೆ ಬೆಳಕು ಹೋಗಿ ಬರಲು ಬೇಕಾದದ್ದು ಸುಮಾರು 100 ನ್ಯಾನೋಸೆಕೆಂಡು. ಅದನ್ನು ಅಳೆದೇ ಗೋಡೆ ಎಷ್ಟು ದೂರವೆಂದು ತಿಳಿಯುವುದು. ಹೀಗೆ ಸಿಕ್ಕ ಲಕ್ಷಾಂತರ ಬಿಂದುಗಳಿಂದ ಸುತ್ತಲಿನ ನಕ್ಷೆಯನ್ನು ಬರೆಯುತ್ತ, ಅದೇ ನಕ್ಷೆಯಲ್ಲಿ ತನ್ನನ್ನು ಹುಡುಕಿಕೊಳ್ಳುತ್ತ ಹೋಗುವುದು ಒಂದು ದೊಡ್ಡ ಶಾಸ್ತ್ರ. ಗಚ್ಚಿಬೌಲಿಯ ಐಐಐಟಿಯ ರೋಬೋಟಿಕ್ಸ್ ಸಂಶೋಧನಾ ಕೇಂದ್ರ ಈ ಬಗೆಯ ಸಮಸ್ಯೆಗಳ ಮೇಲೆ ವರ್ಷಗಳಿಂದ ದುಡಿಯುತ್ತಿದೆ. ಕಂದಿಯ ಐಐಟಿ ಆವರಣದಲ್ಲಿ 2022ರ ಜುಲೈಯಲ್ಲಿ ‘ತಿಹಾನ್’ ಎಂಬ ಪರೀಕ್ಷಾ ಬಯಲೇ ಆರಂಭವಾಯಿತು, ಚಾಲಕನಿಲ್ಲದ ವಾಹನಗಳನ್ನು ಓಡಿಸಿ ನೋಡಲು.

ಈ ಲೈಡಾರಿಗೆ ಎರಡು ಬದ್ಧ ವೈರಿಗಳಿವೆ, ಗಾಜು ಮತ್ತು ನೀರು. ಬೆಳಕು ಗಾಜನ್ನು ತೂರಿ ಹೋಗುತ್ತದೆ, ಇಲ್ಲವೇ ಕನ್ನಡಿಯಿಂದೆಂಬಂತೆ ಬೇರೆಡೆಗೆ ಚಿಮ್ಮುತ್ತದೆ; ಎದುರಿಗೆ ಗೋಡೆಯಿದ್ದರೂ ಯಂತ್ರಕ್ಕೆ ಬಯಲು ಕಾಣುತ್ತದೆ. ಮಳೆ ನಿಂತ ಮೇಲಿನ ಮಡುವೂ ಹಾಗೆಯೇ. ಗಾಜಿನ ಕಟ್ಟಡಗಳ ಹೈಟೆಕ್ ಸಿಟಿಯೂ, ಒಂದು ಗಂಟೆಯ ಮಳೆಗೆ ಕೆರೆಯಾಗುವ ನಮ್ಮ ರಸ್ತೆಗಳೂ ಇದಕ್ಕೆ ಹೇಳಿ ಮಾಡಿಸಿದ ಪರೀಕ್ಷೆಗಳು. ಅದಕ್ಕಾಗಿ ಸೊಂಟದ ಸುತ್ತ ಅಲ್ಟ್ರಾಸಾನಿಕ್ ಸಂವೇದಕಗಳಿರುತ್ತವೆ. ಅವು ಸಾಮಾನ್ಯವಾಗಿ 40 ಕಿಲೋಹರ್ಟ್ಸ್‌ನಲ್ಲಿ, ಅಂದರೆ ನಮ್ಮ ಕಿವಿಯ ಮಿತಿಗಿಂತ ಎರಡು ಪಟ್ಟು ಮೇಲೆ, ಬಾವಲಿಯಂತೆ ಚೀರಿ ಪ್ರತಿಧ್ವನಿಗೆ ಕಾಯುತ್ತವೆ. ಸದ್ದಿಗೆ ಗಾಜೂ ಗೋಡೆಯೇ.

ಇಲ್ಲಿಗೆ ನಿಂತು ಲೆಕ್ಕ ಹಾಕಿದೆ. ಬ್ಯಾಟರಿ, ಮೋಟಾರು, ಎನ್‌ಕೋಡರು, ಜೈರೋಸ್ಕೋಪು, ಉಪಗ್ರಹ ಗ್ರಾಹಕ, ಲೈಡಾರು, ಬಾವಲಿಯ ಕಿವಿ, ಇವೆಲ್ಲವನ್ನೂ ಹೊಂದಿಸುವ ಗಣಕ. ಇಷ್ಟರಲ್ಲಿ ಕಳ್ಳನ ವಿಷಯ ಇನ್ನೂ ಬಂದೇ ಇಲ್ಲ. ಪೆಟ್ಟಿಗೆಯ ಬಹುಪಾಲು ಸರಕು ಖರ್ಚಾಗಿರುವುದು ಬೀಳದಿರುವುದಕ್ಕೆ, ಡಿಕ್ಕಿ ಹೊಡೆಯದಿರುವುದಕ್ಕೆ, ಬೆಳಗಾಗುವ ಮೊದಲು ಚಾರ್ಜಿಂಗ್ ಗೂಡಿಗೆ ಮರಳಿ ಪ್ಲಗ್ಗಿಗೆ ಬೆನ್ನು ತಾಗಿಸುವುದಕ್ಕೆ. ಅಂಥ ಯಂತ್ರಗಳಲ್ಲಿ ಬಳಸುವ ಜೆಟ್ಸನ್ ಎಜಿಎಕ್ಸ್ ಒರಿನ್ ಎಂಬ ಗಣಕಫಲಕ 15ರಿಂದ 60 ವ್ಯಾಟ್ ವಿದ್ಯುತ್ತನ್ನು ಬಯಸುತ್ತದೆ. ಮನುಷ್ಯನ ಮೆದುಳು ಸುಮಾರು 20 ವ್ಯಾಟ್‌ನಲ್ಲಿ ಇದೆಲ್ಲವನ್ನೂ ನಿರ್ವಹಿಸಿ, ಜೊತೆಗೆ ಮಗಳ ಮದುವೆಯ ಚಿಂತೆಯನ್ನೂ ಮಾಡುತ್ತದೆ. ನಿಯಮದ ಪುಸ್ತಕ ಕಾವಲುಗಾರನ ಪಾದ ಚಪ್ಪಟೆಯಾಗಿರಬಾರದೆಂದು ಹೇಳುವಾಗ, ಆ ಪಾದಕ್ಕೆ ತಾನೆಲ್ಲಿದ್ದೇನೆಂಬುದು ಗೊತ್ತಿರುತ್ತದೆಂದು ಹೇಳಲೇ ಇಲ್ಲ. ಹೇಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಯಂತ್ರ ಬಂದ ಮೇಲೆಯೇ ಆ ಅರಿವಿಗೆ ಇಷ್ಟು ಬೆಲೆಯಿದೆಯೆಂದು ತಿಳಿದದ್ದು.

ಇನ್ನು ಕಣ್ಣು. ಈ ವಿಷಯದಲ್ಲಿ ಯಂತ್ರ ಶ್ರೀಮಂತ. ನಾಲ್ಕೂ ದಿಕ್ಕಿಗೆ ಕ್ಯಾಮೆರಾಗಳು; ಅವಕ್ಕೆ ಕುತ್ತಿಗೆ ನೋಯುವುದಿಲ್ಲ, ರೆಪ್ಪೆ ಭಾರವಾಗುವುದಿಲ್ಲ. ಮೇಲೊಂದು ಉಷ್ಣ ಕ್ಯಾಮೆರಾ. ದೇಹಗಳು ಸೂಸುವ 8ರಿಂದ 14 ಮೈಕ್ರೋಮೀಟರಿನ ಅವಕೆಂಪು ಕಿರಣಗಳನ್ನು ಅದು ಗ್ರಹಿಸುತ್ತದೆ. ಸಾಮಾನ್ಯ ಗಾಜು ಆ ಕಿರಣಗಳನ್ನು ತಡೆಯುವುದರಿಂದ ಅದರ ಮಸೂರವನ್ನು ಹೆಚ್ಚಾಗಿ ಜರ್ಮೇನಿಯಂ ಎಂಬ ಲೋಹಾಭದಿಂದ ಮಾಡಿರುತ್ತಾರೆ. ಕಗ್ಗತ್ತಲಲ್ಲಿಯೂ ಮನುಷ್ಯ ಅದಕ್ಕೆ ದೀಪದಂತೆ ಹೊಳೆಯುತ್ತಾನೆ. ಆದರೆ ಇದಕ್ಕೂ ಹೈದರಾಬಾದಿನ ಮೇ ತಿಂಗಳು ಒಂದು ಪ್ರಶ್ನೆ ಹಾಕುತ್ತದೆ. ಹಗಲೆಲ್ಲ 40 ಡಿಗ್ರಿ ದಾಟಿದ ಬಿಸಿಲನ್ನು ಕುಡಿದ ನಮ್ಮ ಬಂಡೆಗಳೂ ಗೋಡೆಗಳೂ ಸಂಜೆ ತಣಿಯುತ್ತ ಬರುವಾಗ ಒಂದು ಘಳಿಗೆಯಲ್ಲಿ ಮನುಷ್ಯನ ಮೈಯಷ್ಟೇ ಬೆಚ್ಚಗಿರುತ್ತವೆ. ಆಗ ಬಂಡೆಯ ಮುಂದೆ ನಿಂತ ಮನುಷ್ಯ ಉಷ್ಣ ಕ್ಯಾಮೆರಾಕ್ಕೆ ಬಂಡೆಯಲ್ಲಿಯೇ ಕರಗಿಹೋಗುತ್ತಾನೆ. ಬೇರೆ ಕ್ಯಾಮೆರಾಗಳ ನೆರವಿಲ್ಲದೆ ಅದೊಂದನ್ನೇ ನೆಚ್ಚುವಂತಿಲ್ಲ.

ಕಿವಿಯ ಮಾತಿಗೆ ಬಂದರೆ ಈ ಊರಿನವರು ಗೋಲ್ಕೊಂಡವನ್ನು ನೆನೆಯದಿರಲಾರರು. ಅಲ್ಲಿನ ಫತೇ ದರ್ವಾಜಾದ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ಸುಮಾರು ಒಂದು ಕಿಲೋಮೀಟರ್ ಆಚೆ, ಗುಡ್ಡದ ತುದಿಯ ಬಾಲಾ ಹಿಸ್ಸಾರಿನಲ್ಲಿ ಕೇಳಿಸುತ್ತದೆ. ಶಾಲೆಯ ಮಕ್ಕಳಿಂದ ವಿದೇಶಿ ಪ್ರವಾಸಿಗಳವರೆಗೆ ಎಲ್ಲರೂ ತಟ್ಟಿ ನೋಡಿದವರೇ. ತಂತಿಯಿಲ್ಲದೆ, ವಿದ್ಯುತ್ತಿಲ್ಲದೆ, ಕಲ್ಲು ಗಾರೆಗಳಲ್ಲಿಯೇ ಕಟ್ಟಿದ ಎಚ್ಚರಿಕೆಯ ವ್ಯವಸ್ಥೆ ಅದು. ಇವತ್ತಿನ ರೋಬೋಟಿನ ತಲೆಯಲ್ಲಿ ಹಲವು ಮೈಕುಗಳನ್ನು ವೃತ್ತಾಕಾರವಾಗಿ ಇಟ್ಟು, ಒಂದು ಸದ್ದು ಯಾವ ಮೈಕನ್ನು ಮೊದಲು ಮುಟ್ಟಿತೆಂಬ ಸೂಕ್ಷ್ಮ ಅಂತರದಿಂದ ಅದು ಬಂದ ದಿಕ್ಕನ್ನು ಹೇಳುವುದೂ ಅದೇ ಶಾಸ್ತ್ರದ ಮುಂದುವರಿಕೆ.

ಆದರೆ 1687ರ ಸೆಪ್ಟೆಂಬರಿನಲ್ಲಿ, ಸುಮಾರು ಎಂಟು ತಿಂಗಳ ಮುತ್ತಿಗೆಯ ಬಳಿಕ, ಗೋಲ್ಕೊಂಡ ಬಿದ್ದದ್ದು ಆ ಕಿವಿ ಕೆಟ್ಟದ್ದರಿಂದಲ್ಲ. ಒಳಗಿನ ಅಧಿಕಾರಿಯೊಬ್ಬ ಲಂಚ ತಿಂದು ರಾತ್ರಿ ಬಾಗಿಲು ತೆರೆದ. ಔರಂಗಜೇಬನ ಸೇನೆ ವಿಜಯಿಯಾಗಿ ಒಳಹೊಕ್ಕ ಬಾಗಿಲೆಂದೇ ಅದಕ್ಕೆ ಫತೇ ದರ್ವಾಜಾ ಎಂಬ ಹೆಸರು ಬಂತೆಂಬುದು ಪ್ರಚಲಿತ ಮಾತು; ಚಪ್ಪಾಳೆಯ ಸದ್ದು ಮೇಲೇರುವ ಬಾಗಿಲೂ ಅದೇ. ಯಂತ್ರದ ಪರವಾಗಿ ವಾದಿಸುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ರೋಬೋಟು ಲಂಚ ತಿನ್ನುವುದಿಲ್ಲ. ಅದೇ ರಾತ್ರಿಯ ಇನ್ನೊಂದು ಸಂಗತಿಯೂ ಇತಿಹಾಸದಲ್ಲಿದೆ. ಅಬ್ದುರ್ ರಜಾಕ್ ಲಾರಿ ಎಂಬ ಸರದಾರ ಕೆಲವೇ ಜನರೊಡನೆ ಒಳನುಗ್ಗಿದ ಸೇನೆಗೆ ಎದುರಾಗಿ ನಿಂತು, ಮೈಮೇಲೆ ಎಪ್ಪತ್ತರಷ್ಟು ಗಾಯಗಳಾಗಿ ಉರುಳಿದ. ವೈರಿಯೇ ಅವನಿಗೆ ಚಿಕಿತ್ಸೆ ಮಾಡಿಸಿದ. ಬಾಗಿಲು ತೆರೆದವನೂ ಬಾಗಿಲಿಗೆ ಅಡ್ಡ ನಿಂತವನೂ ಒಂದೇ ಕೋಟೆಯ ಉಪ್ಪು ತಿಂದವರು. ಮೊದಲನೆಯವನ ಭಯದಿಂದ ಮನುಷ್ಯನನ್ನು ತೆಗೆದುಹಾಕಿದರೆ ಎರಡನೆಯವನೂ ಹೋಗುತ್ತಾನೆ.

ಯಂತ್ರವೂ ಬಾಗಿಲು ತೆರೆಯುವುದುಂಟು, ಅದರ ಬಗೆ ಬೇರೆ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಜಗತ್ತಿನ ಲಕ್ಷಾಂತರ ಅಂತರ್ಜಾಲ ಕ್ಯಾಮೆರಾಗಳನ್ನೂ ರೆಕಾರ್ಡರುಗಳನ್ನೂ ವಶಪಡಿಸಿಕೊಂಡಿತು. ಅದು ಬಳಸಿದ ಉಪಾಯ ಸರಳ: ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಕೊಂಡವರು ಬದಲಾಯಿಸಿರಲಿಲ್ಲ. ಕಾವಲಿಗೆಂದು ಇಟ್ಟ ಕಣ್ಣುಗಳು ಯಾರದೋ ಕೈಯ ಆಯುಧವಾದವು, ಅವುಗಳ ಒಡೆಯರಿಗೆ ಸುಳಿವೂ ಇರಲಿಲ್ಲ. ನಮ್ಮ ಸರ್ಕಾರವೂ 2024ರ ಏಪ್ರಿಲಿನಲ್ಲಿ ಸಿಸಿಟಿವಿ ಕ್ಯಾಮೆರಾಗಳ ಯಂತ್ರಾಂಶ, ತಂತ್ರಾಂಶಗಳೆರಡನ್ನೂ ಪರೀಕ್ಷೆಗೆ ಒಡ್ಡಬೇಕೆಂಬ ಭದ್ರತಾ ನಿಯಮಗಳನ್ನು ಹೊರಡಿಸಿತು. ಚಕ್ರವಿರುವ ಕ್ಯಾಮೆರಾ ಕೂಡ ಕ್ಯಾಮೆರಾವೇ. ಅದರೊಳಗಿನ ಸಿಮ್ ಕಾರ್ಡು, ಮೋಡೆಮ್ಮು ಚಿತ್ರಗಳನ್ನು ಎಲ್ಲಿಗೆ ಕಳಿಸುತ್ತವೆ, ಅಲ್ಲಿ ಎಷ್ಟು ದಿನ ಇರುತ್ತವೆ, ಯಾರು ನೋಡುತ್ತಾರೆ ಎಂಬುದು ಎಂಜಿನಿಯರಿಂಗಿನಷ್ಟೇ ಆಡಳಿತದ ಪ್ರಶ್ನೆ. ಪೊಲೀಸರು ಮುಖ ಗುರುತಿಸುವ ತಂತ್ರಜ್ಞಾನವನ್ನು ಬಳಸುವುದರ ಬಗ್ಗೆ 2022ರಲ್ಲಿಯೇ ತೆಲಂಗಾಣ ಹೈಕೋರ್ಟು ಈ ನಗರದ ಸಾಮಾಜಿಕ ಕಾರ್ಯಕರ್ತರೊಬ್ಬರ ಅರ್ಜಿಯ ಮೇಲೆ ಸರ್ಕಾರಕ್ಕೆ ನೋಟಿಸು ನೀಡಿದೆ. ನಮ್ಮ ಕಾವಲುಗಾರ ಕೂಡ ರಾತ್ರಿ ಬಂದುಹೋದವರ ಮುಖಗಳನ್ನು ನೆನಪಿಟ್ಟುಕೊಂಡಿರುತ್ತಾನೆ; ಆ ನೆನಪನ್ನು ಯಾರೂ ನಕಲು ಮಾಡಿ ಮಾರಲಾರರು.

ಕಡೆಗೆ ಕೈ. ನಿಯಮದ ಪುಸ್ತಕದಲ್ಲಿ ಕೊನೆಯ ಸಾಲಾಗಿ ಬಂದ ಕೈಚಳಕ ಮತ್ತು ಬಲದ ಎದುರು ಯಂತ್ರದ ಅಂಕಣ ಖಾಲಿ. ಅದಕ್ಕೆ ಕೈಯಿಲ್ಲ, ಅಮೆರಿಕದ ನೈಟ್‌ಸ್ಕೋಪ್ ಕಂಪನಿಯ ಹೆಸರಾಂತ ‘ಕೆ5’ಗೂ ಇಲ್ಲ. ಸುಮಾರು ಐದು ಅಡಿ ಎತ್ತರ, 180 ಕಿಲೋದಷ್ಟು ತೂಕದ ಆ ಮೊಟ್ಟೆಯಾಕಾರದ ಯಂತ್ರದ ವೇಗ ನಮ್ಮ ನಡಿಗೆಯಷ್ಟು. ಆರು ನಿಮಿಷಕ್ಕೆ ಕಿಲೋಮೀಟರ್ ಓಡುವ ಪರೀಕ್ಷೆಯಲ್ಲಿ ಅದು ಉತ್ತೀರ್ಣವಾಗದು. 2016ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಒಂದು ಮಳಿಗೆ ಸಂಕೀರ್ಣದಲ್ಲಿ ಅದು ಹದಿನಾರು ತಿಂಗಳ ಮಗುವನ್ನು ಕೆಡವಿತು. ಮರುವರ್ಷದ ಜುಲೈಯಲ್ಲಿ ವಾಷಿಂಗ್‌ಟನ್ನಿನಲ್ಲಿ ಮೆಟ್ಟಿಲಿಳಿದು ಕಾರಂಜಿಯ ಕೊಳಕ್ಕೆ ಬಿತ್ತು. 2023ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಸುರಂಗ ನಿಲ್ದಾಣಕ್ಕೆ ಅದನ್ನು ತಂದಾಗ ಅದರ ಜೊತೆ ಪೊಲೀಸರು ಇರಬೇಕಾಯಿತು. 2024ರ ಫೆಬ್ರುವರಿಯ ಹೊತ್ತಿಗೆ ಅದನ್ನು ಅಲ್ಲಿಂದ ತೆಗೆದರು. ಕಾವಲುಗಾರನಿಗೆ ಕಾವಲು ಕೊಡಬೇಕಾದ ಸ್ಥಿತಿ. ಇವನ್ನೆಲ್ಲ ಹಾಸ್ಯಕ್ಕೆ ಹೇಳುತ್ತಿಲ್ಲ. ಯಂತ್ರಗಳು ಸುಧಾರಿಸುತ್ತವೆ, ಬೀಳುವುದನ್ನು ಕಡಿಮೆ ಮಾಡುತ್ತವೆ. ಕೈಯಿಲ್ಲದಿರುವುದು ಮಾತ್ರ ಸದ್ಯಕ್ಕೆ ಅವುಗಳ ವಿನ್ಯಾಸದಲ್ಲಿಯೇ ಇದೆ. ಕೈಯ ಬದಲಿಗೆ ಅವು ಮಾಡುವುದು ದೂರದ ಕೋಣೆಯಲ್ಲಿ ಪರದೆಯ ಮುಂದೆ ಕುಳಿತವನನ್ನು ಕರೆಯುವುದು. ಅಲ್ಲಿಗೆ ಮನುಷ್ಯ ಹೋಗಲಿಲ್ಲ. ಬೀದಿಯಿಂದ ಕುರ್ಚಿಗೆ, ಒಂದು ಆವರಣದಿಂದ ಹತ್ತು ಆವರಣಗಳಿಗೆ ವರ್ಗವಾದ.

ಪ್ರದರ್ಶನ ಮುಗಿಯುವ ಹೊತ್ತಿಗೆ ರಾತ್ರಿ ಪಾಳಿಯ ಹಿರಿಯ ಕಾವಲುಗಾರ ಬಂದು ನಿಂತಿದ್ದ. ಯಾದಗಿರಿ ಕಡೆಯವನು; ಹೈದರಾಬಾದಿಗೆ ಬಂದು ಇಪ್ಪತ್ತು ವರ್ಷವಾದರೂ ನನ್ನನ್ನು ಕಂಡೊಡನೆ ಅವನ ಬಾಯಲ್ಲಿ ಕನ್ನಡವೇ ಬರುತ್ತದೆ. ಯಂತ್ರವನ್ನು ಒಂದು ಸುತ್ತು ಹಾಕಿ ನೋಡಿ ಕೇಳಿದ: “ಸರ, ಇದು ಪಾವಟಿಗಿ ಏರ್ತದೇನ್ರಿ?” ಇಲ್ಲವೆಂದೆ. “ಗೇಟಿನ ಚಿಲಕ ತೆಗೀತದೇನ್ರಿ?” ಅದೂ ಇಲ್ಲವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತ ಇದು ಬಂದ್ರ ನಮ್ಮ ಮೂರು ಮಂದ್ಯಾಗ ಯಾರನ್ನ ಬಿಡಸ್ತಾರ್ರಿ?” ಎಂದ. ನಮೂನೆಯ ಆ ಕೊನೆಯ ಅಂಕಣವನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ಅದನ್ನು ಊಹಿಸಲು ಅವನಿಗೆ ಯಾವ ಸಂವೇದಕವೂ ಬೇಕಾಗಿರಲಿಲ್ಲ.

ಅವನ ಬದುಕನ್ನು ಚೆಂದಗಾಣಿಸಿ ಹೇಳುವುದೂ ಸರಿಯಲ್ಲ. ಹನ್ನೆರಡು ಗಂಟೆಗಳ ರಾತ್ರಿ, ಪ್ಲಾಸ್ಟಿಕ್ ಕುರ್ಚಿ, ಮಳೆಗಾಲದಲ್ಲಿ ಗೋದಾಮಿನ ಹಿಂದಿನ ಹುಲ್ಲಿನಲ್ಲಿ ಹಾವು, ಗುಂಪುಗಟ್ಟಿದ ನಾಯಿಗಳು, ಮೂರು ಗಂಟೆಯ ಹೊತ್ತಿಗೆ ಯಾರೂ ಗೆಲ್ಲಲಾಗದ ನಿದ್ದೆ. ಆ ಹುಲ್ಲಿನ ದಾರಿಯಲ್ಲಿ ಗಂಟೆಗೊಮ್ಮೆ ನಡೆಯುವ ಕೆಲಸವೇ ನಿಜವಾದ ವೆಟ್ಟಿ. ಅದನ್ನು ಯಂತ್ರ ಹೊತ್ತುಕೊಂಡರೆ ಯಾರಿಗೂ ನಷ್ಟವಿಲ್ಲ. ಬೇಲಿಯುದ್ದಕ್ಕೂ ಬೇಸರವಿಲ್ಲದೆ ಓಡಾಡಲಿ, ಬಿಸಿಯಾದ ಟ್ರಾನ್ಸ್‌ಫಾರ್ಮರನ್ನು ಉಷ್ಣ ಕ್ಯಾಮೆರಾದಿಂದ ಗುರುತಿಸಲಿ, ಗೋದಾಮಿನಿಂದ ಹೊಗೆಯೆದ್ದರೆ ಕೂಗಿ ಹೇಳಲಿ. ಕೂಗನ್ನು ಕೇಳಿ ಎದ್ದು ಓಡುವವನು, ಚಿಲಕ ತೆಗೆಯುವವನು, ಬಿದ್ದವನನ್ನು ಎತ್ತಿ ನೀರು ಕುಡಿಸುವವನು ಹತ್ತಿರದಲ್ಲಿಯೇ ಇರಬೇಕು.

ಬ್ರಿಟಿಷರ ಕಾಲದ ದಂಡುಪ್ರದೇಶಗಳಲ್ಲಿ ರಾತ್ರಿ ಪಹರೆಯ ಸಿಪಾಯಿ ಇಂಗ್ಲಿಷಿನಲ್ಲಿ ‘ಬರುತ್ತಿರುವವರು ಯಾರು’ ಎಂದು ಗದರಬೇಕಿತ್ತು. ಇಂಗ್ಲಿಷ್ ಬಾರದ ನಾಲಗೆಗಳಲ್ಲಿ ಆ ಮೂರು ಪದಗಳು ಬೆರೆತು ‘ಹುಕುಮ್‌ದಾರ್’ ಆದವು. ಸೇನೆಯ ನೆನಪುಳ್ಳ ಹಳಬರ ಬಾಯಲ್ಲಿ ಈ ಪದ ಇವತ್ತಿಗೂ ಸಿಗುತ್ತದೆ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಕೂಡ ರಾತ್ರಿ ಕಾವಲಿನವನ ಇಂಥದೇ ಪ್ರಶ್ನೆಯಿಂದ ಶುರುವಾಗುತ್ತದೆ. ಅಲ್ಲಿ ಕೇಳಬೇಕಾದವನು ಬಿಟ್ಟು ಪಾಳಿ ಬದಲಿಸಲು ಬಂದವನು ಕೇಳುತ್ತಾನೆ, ಹೆದರಿಕೆಯಿಂದ. ಮನುಷ್ಯ ಯಾರೆಂದು ಕೇಳುವುದು ಉತ್ತರ ಗೊತ್ತಿಲ್ಲದೆ, ಉತ್ತರ ಬರುವವರೆಗೆ ಕಾಯಲು ಸಿದ್ಧನಾಗಿ. ಯಂತ್ರ ಕೇಳುವ ಮೊದಲೇ ಮುಖವನ್ನು ಪಟ್ಟಿಯೊಡನೆ ಹೋಲಿಸಿರುತ್ತದೆ. ಪಟ್ಟಿಯಲ್ಲಿಲ್ಲದವನು, ರಾತ್ರಿ ಜ್ವರದ ಮಗುವನ್ನೆತ್ತಿಕೊಂಡು ಫೋನು ಮಾಡಲು ಬಂದ ಪಕ್ಕದ ಕಟ್ಟಡ ಕೆಲಸದವನೂ ಆಗಿರಬಹುದು. ನಮ್ಮ ಗೇಟಿನಲ್ಲಿ ಹಾಗೆ ಆದದ್ದುಂಟು. ಆ ರಾತ್ರಿ ಕಾವಲುಗಾರ ಆಂಬುಲೆನ್ಸ್ ಕರೆಸಿ, ಅದು ಬರುವವರೆಗೆ ತನ್ನ ಕಂಬಳಿಯನ್ನು ಮಗುವಿಗೆ ಹೊದಿಸಿದ್ದ.

ಟಿಪ್ಪಣಿಯಲ್ಲಿ ನಾನು ಕಂಬಳಿಯ ಸಂಗತಿಯನ್ನು ಬರೆಯಲಿಲ್ಲ; ಕಡತದಲ್ಲಿ ಅದಕ್ಕೆ ಅಂಕಣವಿಲ್ಲ. ಎರಡು ಅಳತೆಗಳನ್ನು ಎದುರುಬದುರಾಗಿ ಇಟ್ಟು ಒಂದು ಪಟ್ಟಿ ಮಾಡಿದೆ: ಕಣ್ಣು, ಕಿವಿ, ಕಾಲು, ಓಟ, ಕೈ. ಗಸ್ತಿನ ರೋಬೋಟನ್ನು ಚಲಿಸುವ ಕ್ಯಾಮೆರಾವೆಂದು ಪರಿಗಣಿಸಿ ಕ್ಯಾಮೆರಾಗಳ ವೆಚ್ಚದೊಡನೆ ಹೋಲಿಸಬೇಕು, ಸಿಬ್ಬಂದಿಯ ವೆಚ್ಚದೊಡನೆ ಹೋಲಿಸಬಾರದು ಎಂದು ಬರೆದೆ. ಮೇ ತಿಂಗಳ ಸಂಜೆ ಮತ್ತು ಆಗಸ್ಟಿನ ಮಳೆಯ ರಾತ್ರಿ ಎರಡರಲ್ಲಿಯೂ ಪರೀಕ್ಷೆಯಾಗಬೇಕು, ಚಿತ್ರಗಳು ಆವರಣದ ಒಳಗಿನ ಗಣಕದಲ್ಲಿಯೇ ಉಳಿಯಬೇಕು, ಅಳಿಸುವ ದಿನ ನಿಗದಿಯಾಗಬೇಕು ಎಂಬ ಷರತ್ತುಗಳನ್ನು ತಾಂತ್ರಿಕ ಸದಸ್ಯರಿಬ್ಬರೂ ಒಪ್ಪಿ ಸಹಿ ಹಾಕಿದರು. ಕಡಿಮೆ ಮಾಡಬಹುದಾದ ಹುದ್ದೆಗಳ ಅಂಕಣದಲ್ಲಿ ‘ಶೂನ್ಯ’ ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದೆವು. ಕಡತ ಮೇಲೆ ಹೋಗಿದೆ. ಅಲ್ಲಿ ಬೇರೆಯ ಲೆಕ್ಕ ನಡೆಯಲೂಬಹುದು. ಕಾವಲಿನ ಗುತ್ತಿಗೆ ಬರುವ ಮಾರ್ಚಿಯವರೆಗಿದೆ. ಅಲ್ಲಿಯವರೆಗೆ ಮೂವರೂ ಇದ್ದಾರೆ.